ನಕ್ಷತ್ರ ಬೀಳದ ಜಾಗಗಳು

ಅಡುಗೆ ಪುಸ್ತಕವನ್ನೂ ಪ್ರವಾಸದ ಕೈಪಿಡಿಯನ್ನೂ ನಮ್ಮಲ್ಲಿ ಯಾರೂ ಸಾಹಿತ್ಯವೆಂದು ಎಣಿಸುವುದಿಲ್ಲ. ಹಾಗಾಗಿ ಅವುಗಳ ವಿಮರ್ಶೆಗೂ ಯಾರೂ ಕೈಹಾಕುವುದಿಲ್ಲ. ಕಾದಂಬರಿಯೊಂದು ಕೆಟ್ಟದಾಗಿದ್ದರೆ ಒಂದು ಮಧ್ಯಾಹ್ನ ಹಾಳಾದೀತು, ಅಷ್ಟೆ. ಅಡುಗೆ ಪುಸ್ತಕ ಕೆಟ್ಟದಾಗಿದ್ದರೆ ಒಂದು ಸೇರು ಅಕ್ಕಿ ದಂಡ. ಆದರೆ ಪ್ರವಾಸದ ಕೈಪಿಡಿ ಕೆಟ್ಟದಾಗಿದ್ದರೆ ಜನ್ಮಕ್ಕೊಮ್ಮೆ ಒದಗುವ ಪ್ರಯಾಣವೇ ಮಣ್ಣುಪಾಲು. ಇಷ್ಟು ದೊಡ್ಡ ಜವಾಬ್ದಾರಿ ಹೊತ್ತ ಪುಸ್ತಕವನ್ನು ನಾವು ಬಸ್ಸಿನ ವೇಳಾಪಟ್ಟಿಯ ಹಾಗೆ ಓದಿ ಎಸೆಯುತ್ತೇವಲ್ಲ ಎಂದು ನನಗೆ ಆಗಾಗ ಅನಿಸಿದೆ. ಈ ಲೇಖನದಲ್ಲಿ ಅಂಥ ಪುಸ್ತಕಗಳನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಕೇಳಬೇಕೆಂದಿದ್ದೇನೆ.

'ಜನ್ಮಕ್ಕೊಮ್ಮೆ' ಎಂದದ್ದು ಅಲಂಕಾರಕ್ಕಲ್ಲ. ನಮ್ಮಂಥ ಊರುಗಳ ಹೆಂಗಸರು ಪರದೇಶಕ್ಕೆ ಹೋಗುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ. ಒಂದು, ಮಗಳ ಬಾಣಂತನ. ಇನ್ನೊಂದು, ಗಂಡ ನಿವೃತ್ತರಾದ ಮೇಲೆ ಟ್ರಾವೆಲ್ಸಿನವರು ಕರೆದೊಯ್ಯುವ ತಂಡದ ಪ್ರವಾಸ. ಮೊದಲನೆಯದರಲ್ಲಿ ಒಲೆಯ ಮುಂದೆ ನಿಂತು ಆರು ತಿಂಗಳು ಕಳೆಯುತ್ತದೆ. ಎರಡನೆಯದರಲ್ಲಿ ಬಸ್ಸಿನ ಕಿಟಕಿಯ ಮುಂದೆ ಕೂತು ಹತ್ತು ದಿನ ಕಳೆಯುತ್ತದೆ. ಎಲ್ಲಿಗೆ ಹೋಗಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಏನನ್ನು ನೋಡಿ 'ಅಬ್ಬ' ಎನ್ನಬೇಕು ಎಂಬುದೆಲ್ಲ ಮೊದಲೇ ನಿಶ್ಚಯವಾಗಿರುತ್ತದೆ. ನಿಶ್ಚಯ ಮಾಡಿದವರು ಯಾರು ಎಂದು ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗುವುದು ಒಂದು ಕೈಪಿಡಿ. ಟ್ರಾವೆಲ್ಸಿನವರು ಪಟ್ಟಿ ಮಾಡುವುದೂ ಅದರಿಂದಲೇ.

ಈ ಕೈಪಿಡಿಗಳ ವಂಶಾವಳಿ ತೆಗೆದು ನೋಡಿದಾಗ ನನಗೆ ಸಂತೋಷವಾದದ್ದು, ಅದರ ಮೊದಲ ಸಾಲಿನಲ್ಲೇ ಒಬ್ಬ ಹೆಂಗಸು ಕೂತಿರುವುದನ್ನು ಕಂಡು. ಅವಳ ಹೆಸರು ಮರಿಯಾನಾ ಸ್ಟಾರ್ಕ್. ಇಂಗ್ಲೆಂಡಿನವಳು. ಅವಳ ತಂದೆ ಮದರಾಸು ಕಡೆ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿದ್ದವರು. ಕೋರಮಂಡಲ ಕರಾವಳಿಗೆ ಬರುವ ಹುಡುಗಿಯರ ಕಥೆಯ ನಾಟಕವೊಂದನ್ನು ಬರೆದು 1788ರಲ್ಲಿ ಲಂಡನ್ನಿನಲ್ಲಿ ಆಡಿಸಿದವಳು ಅವಳು. 1790ರ ದಶಕದಲ್ಲಿ ಮನೆಯ ರೋಗಿಗಳನ್ನು ನೋಡಿಕೊಳ್ಳುತ್ತ ಇಟಲಿಯಲ್ಲಿ ವರ್ಷಗಟ್ಟಲೆ ಇರಬೇಕಾಯಿತು. ಆ ಅನುಭವದಿಂದ 1800ರಲ್ಲಿ ಪತ್ರಗಳ ರೂಪದ ಒಂದು ಪುಸ್ತಕ ಬಂತು. ದಾರಿ ತೋರಿಸುವ ಆಳನ್ನು ಇಟ್ಟುಕೊಳ್ಳಲು ಹಣವಿಲ್ಲದ ಕುಟುಂಬಗಳಿಗೂ ರೋಗಿಗಳಿಗೂ ಬೇಕಾದ ಸಲಹೆಗಳು ಇದರಲ್ಲಿವೆ ಎಂದು ಅವಳು ಆ ಪುಸ್ತಕದ ಮುಖಪುಟದಲ್ಲೇ ಹಾಕಿಸಿದಳು. ಗಾಡಿಯ ಬಾಡಿಗೆ ಎಷ್ಟು, ಯಾವ ಊರಲ್ಲಿ ವಸತಿ ಶುಚಿ, ಪಾಸ್‌ಪೋರ್ಟಿಗೆ ಏನು ಮಾಡಬೇಕು, ಕಾಗದಕ್ಕೆ ಅಂಚೆ ದರ ಎಷ್ಟು, ಜೊತೆಗೆ ಯಾವ ಔಷಧ ಒಯ್ಯಬೇಕು ಎಂಬುದೆಲ್ಲ ಅವಳ ಪುಸ್ತಕಗಳಲ್ಲಿದೆ. ಮನೆ ನಡೆಸಿದವಳ ಕಣ್ಣು ಅದು. ಚಿತ್ರ, ಶಿಲ್ಪಗಳ ಪಕ್ಕದಲ್ಲಿ ಅವಳು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಿದ್ದಳು. ಚೆನ್ನಾಗಿದ್ದರೆ ಒಂದು, ಬಹಳ ಚೆನ್ನಾಗಿದ್ದರೆ ಎರಡು, ಮೂರು, ನಾಲ್ಕು. ಇವತ್ತು ಹೋಟೆಲಿಗೂ ಸಿನಿಮಾಕ್ಕೂ ನಾವು ಹಾಕುವ ನಕ್ಷತ್ರಗಳಿಗೆ ಅವಳ ಆ 'ಅಬ್ಬಬ್ಬಾ'ಗಳೇ ಅಜ್ಜಿ.

ಅವಳ ಪ್ರಕಾಶಕರಾಗಿದ್ದ ಲಂಡನ್ನಿನ ಜಾನ್ ಮರ್‍ರೆ ಮನೆತನದವರೇ 1836ರಿಂದ ತಮ್ಮ ಹೆಸರಿನ ಕೈಪಿಡಿಗಳನ್ನು ಹೊರತಂದರು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಕೊಬ್ಲೆನ್ಸಿನಲ್ಲಿ ಕಾರ್ಲ್ ಬೇಡೆಕರ್ ಎಂಬಾತ ಕೆಂಪು ರಟ್ಟಿನ ಪುಸ್ತಕಗಳ ಸಾಲನ್ನೇ ಶುರುಮಾಡಿದ. ಆಶ್ಚರ್ಯಸೂಚಕ ಹೋಗಿ ನಕ್ಷತ್ರ ಬಂತು. ಬೇಡೆಕರ್ ಅತ್ಯಂತ ನಿಖರ ಮನುಷ್ಯ. ರೈಲಿನ ವೇಳೆ, ದೂರ, ಶಿಖರದ ಎತ್ತರ ಯಾವುದೂ ತಪ್ಪಬಾರದು ಎಂಬ ಹಟ ಅವನದು. ಆ ನಿಖರತೆಗೆ ನನ್ನ ನಮಸ್ಕಾರ. ಆದರೆ ನಿಖರತೆಯ ಜೊತೆಯಲ್ಲೇ ಇನ್ನೊಂದು ಅಭ್ಯಾಸವೂ ಒಳಗೆ ಬಂದು ಕೂತಿತು. ಪುಸ್ತಕ ನಕ್ಷತ್ರ ಕೊಟ್ಟದ್ದನ್ನು ನೋಡು, ಕೊಡದ್ದನ್ನು ಬಿಡು. 1908ರಲ್ಲಿ ಇ. ಎಂ. ಫಾರ್ಸ್ಟರ್ ಬರೆದ 'ಎ ರೂಮ್ ವಿತ್ ಎ ವ್ಯೂ' ಕಾದಂಬರಿಯಲ್ಲಿ ಲೂಸಿ ಎಂಬ ಹುಡುಗಿ ಫ್ಲಾರೆನ್ಸಿನ ಇಗರ್ಜಿಯೊಂದರಲ್ಲಿ ಬೇಡೆಕರ್ ಇಲ್ಲದೆ ನಿಂತುಕೊಳ್ಳುವ ಪ್ರಸಂಗವಿದೆ. ಯಾವುದನ್ನು ಮೆಚ್ಚಬೇಕೆಂದು ಹೇಳಿಕೊಡಲು ಪುಸ್ತಕವಿಲ್ಲದೆ ಅವಳು ಮೊದಲು ಕಂಗಾಲಾಗುತ್ತಾಳೆ. ಆಮೇಲೆ ಸುತ್ತಲಿನ ಮನುಷ್ಯರು ಅವಳ ಕಣ್ಣಿಗೆ ಬೀಳತೊಡಗುತ್ತಾರೆ. ಕೈಪಿಡಿಗಳ ಬಗ್ಗೆ ನಾನು ಓದಿದ ಅತ್ಯುತ್ತಮ ವಿಮರ್ಶೆ ಅದೇ.

ನಕ್ಷತ್ರಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. 1942ರ ಮಾರ್ಚಿಯಲ್ಲಿ ಬ್ರಿಟಿಷರು ಜರ್ಮನಿಯ ಹಳೆಯ ಪಟ್ಟಣ ಲ್ಯೂಬೆಕ್ಕಿನ ಮೇಲೆ ಬಾಂಬು ಹಾಕಿದರು. ಅದಕ್ಕೆ ಸೇಡಾಗಿ ಜರ್ಮನರು ಎಕ್ಸೆಟರ್, ಬಾತ್, ನಾರ್ವಿಚ್, ಯಾರ್ಕ್, ಕ್ಯಾಂಟರ್‌ಬರಿ ಪಟ್ಟಣಗಳ ಮೇಲೆ ಬಾಂಬು ಸುರಿದರು. ಬೇಡೆಕರ್ ನಕ್ಷತ್ರ ಕೊಟ್ಟ ಕಟ್ಟಡಗಳನ್ನೆಲ್ಲ ಹೊಡೆಯುತ್ತೇವೆ ಎಂಬರ್ಥದ ಮಾತನ್ನು ಜರ್ಮನ್ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬ ಆಡಿದ್ದರಿಂದ ಆ ದಾಳಿಗಳಿಗೆ 'ಬೇಡೆಕರ್ ದಾಳಿ' ಎಂದೇ ಹೆಸರಾಯಿತು. ಮರುವರ್ಷ ಡಿಸೆಂಬರಿನಲ್ಲಿ ಲೈಪ್‌ಜಿಗ್ಗಿನ ಮೇಲಾದ ಬಾಂಬು ದಾಳಿಯಲ್ಲಿ ಬೇಡೆಕರ್ ಪ್ರಕಾಶನದ ಕಟ್ಟಡವೂ ಸುಟ್ಟುಹೋಯಿತು. ನೋಡಲು ಯೋಗ್ಯವಾದದ್ದು ಯಾವುದು ಎಂಬ ಪಟ್ಟಿ ನಿರಪಾಯದ ಪಟ್ಟಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಒಂದು ಊರನ್ನು ತೆಗೆದುಕೊಂಡು ಈ ಮಾತನ್ನು ಪರೀಕ್ಷಿಸೋಣ. ನಾನು ತಂಡದ ಜೊತೆ ಹೋಗಿ ಬಂದ ಇಸ್ತಾಂಬುಲ್ ಇರಲಿ. ಇದು ನಮಗೆ ತೀರ ಅಪರಿಚಿತವಾದ ಊರೇನಲ್ಲ. ಟಿಪ್ಪು ಸುಲ್ತಾನ ತನ್ನ ರಾಯಭಾರಿ ಗುಲಾಮ್ ಅಲಿ ಖಾನನ ಮುಂದಾಳುತನದಲ್ಲಿ ನೂರಾರು ಜನರ ತಂಡವೊಂದನ್ನು 1786ರಲ್ಲಿ ಹಡಗು ಹತ್ತಿಸಿ ಕಳಿಸಿದ್ದು ಇದೇ ಊರಿನ ಸುಲ್ತಾನನ ಬಳಿಗೆ. ಶ್ರೀರಂಗಪಟ್ಟಣದಿಂದ ಹೋದವರಲ್ಲಿ ರೋಗರುಜಿನಕ್ಕೂ ದಾರಿಯ ಕಷ್ಟಕ್ಕೂ ಬಲಿಯಾದವರೇ ಹೆಚ್ಚು, ಹಿಂದಿರುಗಿದವರು ಬಹಳ ಕಡಿಮೆ. ನಾವು ವಿಮಾನದಲ್ಲಿ ಉಪ್ಪಿಟ್ಟಿಲ್ಲವೆಂದು ಗೊಣಗುವಾಗ ಅವರನ್ನು ಒಮ್ಮೆ ನೆನೆಯಬಹುದು.

ನಾನು ಒಯ್ದಿದ್ದ ಇಂಗ್ಲಿಷ್ ಕೈಪಿಡಿಯ ರಚನೆ ಹೀಗಿತ್ತು. ಮೊದಲ ಐವತ್ತು ಪುಟ ಚರಿತ್ರೆ: ಚಕ್ರವರ್ತಿ, ಸುಲ್ತಾನ, ಯುದ್ಧ, ಗುಮ್ಮಟ. ಕೊನೆಯ ಇಪ್ಪತ್ತು ಪುಟ ಸಲಹೆ: ಹಣ, ಶೌಚಾಲಯ, ಉಡುಪು, ಊಟ. ನಡುವೆ ನಕ್ಷತ್ರಗಳು. 'ಮಹಿಳಾ ಪ್ರವಾಸಿಗರಿಗೆ' ಎಂದು ಬೂದು ಬಣ್ಣದ ಚೌಕದಲ್ಲಿ ಒಂದು ಅರ್ಧ ಪುಟ. ತಲೆಗೆ ಬಟ್ಟೆ ಹೊದೆಯಿರಿ, ರಾತ್ರಿ ಒಂಟಿಯಾಗಿ ಓಡಾಡಬೇಡಿ, ಕೈಚೀಲ ಜೋಪಾನ. ಅಷ್ಟೆ. ಚರಿತ್ರೆಯ ಐವತ್ತು ಪುಟಗಳು ಗಂಡಸರಿಗೆ, ಎಚ್ಚರಿಕೆಯ ಅರ್ಧ ಪುಟ ಹೆಂಗಸರಿಗೆ! ಈ ವಿಂಗಡಣೆಯೇ ನನ್ನ ಮುಖ್ಯ ತಕರಾರು. ಯಾಕೆಂದರೆ ಸಲಹೆ ಮತ್ತು ಚರಿತ್ರೆ ಬೇರೆಬೇರೆಯಲ್ಲ. 'ಇಲ್ಲಿ ಹೀಗೆ ಮಾಡಿ' ಎಂಬ ಪ್ರತಿ ಸಲಹೆಯ ಹಿಂದೆಯೂ ಆ ಊರಿನ ಹೆಂಗಸರು ನೂರಾರು ವರ್ಷ ಬಾಳಿದ ರೀತಿ ಇರುತ್ತದೆ.

ಹಾಗಿಯಾ ಸೋಫಿಯಾವನ್ನೇ ನೋಡಿ. 532ರ ದಂಗೆಯಲ್ಲಿ ಹಳೆಯ ಇಗರ್ಜಿ ಸುಟ್ಟ ಮೇಲೆ ಜಸ್ಟಿನಿಯನ್ ಚಕ್ರವರ್ತಿ ಐದೇ ವರ್ಷಗಳಲ್ಲಿ, 537ಕ್ಕೆ, ಕಟ್ಟಿ ಮುಗಿಸಿದ. 1453ರಲ್ಲಿ ಮಸೀದಿಯಾಯಿತು, 1935ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. ಇದನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. 2024ರ ಜನವರಿಯಿಂದ ಪರದೇಶದ ಪ್ರವಾಸಿಗರಿಗೆ ಬೇರೆ ಬಾಗಿಲು ಮಾಡಿ, 25 ಯೂರೋ ಟಿಕೆಟ್ಟು ಇಟ್ಟು, ಮೇಲಿನ ಉಪ್ಪರಿಗೆಗೆ ಮಾತ್ರ ಬಿಡುವ ವ್ಯವಸ್ಥೆ ಬಂತು. ನಮ್ಮ ತಂಡದ ಗಂಡಸರಿಗೆ ಇದರಿಂದ ದೊಡ್ಡ ಅಸಮಾಧಾನ. ಅಷ್ಟು ದುಡ್ಡು ಕೊಟ್ಟು ಕೆಳಗಿನ ಅಂಗಳಕ್ಕೆ ಕಾಲಿಡುವ ಹಾಗಿಲ್ಲವೇ ಎಂದು. ಆದರೆ ಆ ಉಪ್ಪರಿಗೆ ಯಾವುದು? ಇಗರ್ಜಿಯ ಕಾಲದಲ್ಲಿ ಹೆಂಗಸರು ನಿಂತು ಪೂಜೆ ನೋಡುತ್ತಿದ್ದ ಜಾಗ ಅದು. ಮಹಾರಾಣಿಯ ಸ್ಥಾನವನ್ನು ಗುರುತಿಸುವ ಹಸಿರು ಕಲ್ಲಿನ ವೃತ್ತ ಇವತ್ತಿಗೂ ನೆಲದ ಮೇಲಿದೆ. ಮೇಲೆ ಹತ್ತಲು ಮೆಟ್ಟಿಲಿನ ಬದಲು ಸುತ್ತಿ ಸುತ್ತಿ ಏರುವ ಇಳಿಜಾರು ದಾರಿ. ಮಂಡಿನೋವಿನವರು ನಿಧಾನವಾಗಿ ಹತ್ತಬಹುದು. ಹದಿನಾಲ್ಕುನೂರು ವರ್ಷಗಳ ಹಿಂದೆ ಹೆಂಗಸರು ಎಲ್ಲಿ ನಿಂತು ಕೆಳಗಿನ ಗಂಡಸರ ಲೋಕವನ್ನು ನೋಡಿದರೋ ಅಲ್ಲೇ ಇವತ್ತು ಪ್ರವಾಸಿಗರೆಲ್ಲ, ಗಂಡಸರೂ ಸೇರಿ, ನಿಂತು ನೋಡಬೇಕು. ಈ ಒಂದು ವಾಕ್ಯ ನನ್ನ ಕೈಪಿಡಿಯಲ್ಲಿ ಇರಲಿಲ್ಲ.

ನಮ್ಮ ತಂಡದಲ್ಲಿ ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ ಇದ್ದರು. ಪಿಂಚಣಿಯಲ್ಲಿ ಮೂರು ವರ್ಷ ಉಳಿಸಿ ಬಂದವರು. ಅವರು ಅಲ್ಲಿನ ಮಾರ್ಗದರ್ಶಿಯನ್ನು ಕೇಳಿದ್ದು ಒಂದೇ ಪ್ರಶ್ನೆ, "ಹೆಂಗಸರು ಎಲ್ಲಿ ಕೂರುತ್ತಿದ್ದರಪ್ಪ?" ಆತ ಗುಮ್ಮಟದ ಎತ್ತರ ಹೇಳುವುದರಲ್ಲಿ ಮುಳುಗಿದ್ದ. ನಲವತ್ತು ನಿಮಿಷದ ಸಮಯ ಮುಗಿಯಿತು, ಬಸ್ಸು ಹೊರಟಿತು. ಅವರು ಅಷ್ಟು ಹೊತ್ತೂ ನಿಂತಿದ್ದು ಆ ಜಾಗದಲ್ಲೇ! ಸಂಜೆ ಹೋಟೆಲಿನಲ್ಲಿ ನಾನು ಅದನ್ನು ಹೇಳಿದಾಗ ಅವರು, "ಅಯ್ಯೋ, ಆಗಲೇ ಗೊತ್ತಾಗಿದ್ದರೆ ಇನ್ನೊಂದು ಸಲ ನೆಲ ಮುಟ್ಟಿ ಬರುತ್ತಿದ್ದೆನಲ್ಲೇ" ಎಂದರು. ಕೈಪಿಡಿ ಬರೆಯುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಆ ಉಪ್ಪರಿಗೆಯಲ್ಲೇ ಜೋಯೆ ಮಹಾರಾಣಿಯ ಚಿತ್ರವಿದೆ, ಬಣ್ಣದ ಗಾಜಿನ ಹರಳುಗಳಿಂದ ಕೂಡಿಸಿದ್ದು. ಕೈಪಿಡಿಗಳು ಇದಕ್ಕೆ ನಕ್ಷತ್ರ ಕೊಟ್ಟಿವೆ, ಕಲೆಯ ದೃಷ್ಟಿಯಿಂದ. ಹತ್ತಿರ ಹೋಗಿ ನೋಡಿದರೆ ಮುಖಗಳನ್ನು ಕಿತ್ತು ಮತ್ತೆ ಕೂಡಿಸಿರುವುದು ಕಾಣುತ್ತದೆ. ಪಕ್ಕದ ಗಂಡನ ತಲೆಯ ಮೇಲಿನ ಹೆಸರನ್ನೂ ತಿದ್ದಲಾಗಿದೆ. 1028ರಲ್ಲಿ ತನಗೆ ಐವತ್ತರ ಹತ್ತಿರವಾದಾಗ ಅವಳಿಗೆ ಮೊದಲ ಮದುವೆ. ರಾಜ್ಯದ ಹಕ್ಕು ಇದ್ದದ್ದು ಅವಳ ರಕ್ತದಲ್ಲಿ. ಅವಳನ್ನು ಮದುವೆಯಾದವನು ಚಕ್ರವರ್ತಿ. ಒಬ್ಬ ಹೋಗಿ ಇನ್ನೊಬ್ಬ, ಅವನೂ ಹೋಗಿ 1042ರಲ್ಲಿ ಮೂರನೆಯವನು. ಅದಕ್ಕೆ ಸ್ವಲ್ಪ ಮೊದಲು ತಂಗಿ ಥಿಯೋಡೋರಾಳ ಜೊತೆ ಸೇರಿ ತಾನೇ ರಾಜ್ಯವಾಳಿದ್ದೂ ಉಂಟು. ಗೋಡೆಯ ಮೇಲೆ ಗಂಡ ಬದಲಾದ, ಹೆಂಡತಿ ಬದಲಾಗಲಿಲ್ಲ. ಅದೇ ಉಪ್ಪರಿಗೆಯ ಕಲ್ಲು ಕಟಾಂಜನದ ಮೇಲೆ ಉತ್ತರ ಯೂರೋಪಿನ ವೈಕಿಂಗ್ ಸಿಪಾಯಿಯೊಬ್ಬ ತನ್ನ ಲಿಪಿಯಲ್ಲಿ ಹಾಲ್ಫ್‌ದಾನ್ ಎಂದು ಹೆಸರು ಕೊರೆದಿಟ್ಟಿದ್ದಾನೆ. ಹಂಪೆಯ ಕಂಬಗಳ ಮೇಲೆ ಹೃದಯ, ಬಾಣ ಕೊರೆಯುವ ನಮ್ಮ ಹುಡುಗರ ಪೂರ್ವಜ.

ಹೆಂಗಸರು ನೋಡಿದ ಇಸ್ತಾಂಬುಲ್ಲಿನ ಮಾತು ಬಂದಾಗ ಲೇಡಿ ಮೇರಿ ವರ್ಟ್ಲಿ ಮಾಂಟೆಗೂ ಹೆಸರು ಬಿಡುವ ಹಾಗಿಲ್ಲ. ಗಂಡ ಬ್ರಿಟನ್ನಿನ ರಾಯಭಾರಿಯಾಗಿ ನೇಮಕವಾದಾಗ 1716ರಲ್ಲಿ ಜೊತೆಗೆ ಹೊರಟು ಬಂದವಳು ಅವಳು. ತನಗಿಂತ ಮುಂಚೆ ಬಂದ ಗಂಡಸು ಪ್ರವಾಸಿಗರು ಅಂತಃಪುರದ ಬಗ್ಗೆ ಬರೆದದ್ದೆಲ್ಲ ಒಳಗೆ ಕಾಲಿಡದೆ ಬರೆದದ್ದು ಎಂದು ಗೇಲಿ ಮಾಡಿದಳು. ಅದು ಸರಿಯಾದ ಮಾತು. ಒಳಗೆ ಹೋಗಲು ಅವರಿಗೆ ಅಪ್ಪಣೆಯೇ ಇರಲಿಲ್ಲ. ದಾರಿಯಲ್ಲಿ ಸೋಫಿಯಾ ಪಟ್ಟಣದ ಹಮಾಮಿಗೆ ಹೋದಾಗ ಅಲ್ಲಿನ ಹೆಂಗಸರು ಅವಳನ್ನೂ ಬಟ್ಟೆ ಕಳಚಲು ಕರೆದರು. ಅವಳು ಒಳಗೆ ತೊಟ್ಟಿದ್ದ ಗಟ್ಟಿ ಕಟ್ಟಿನ ಕುಪ್ಪಸ ತೋರಿಸಿದಾಗ, ಪಾಪ, ಗಂಡ ಇವಳನ್ನು ಈ ಪೆಟ್ಟಿಗೆಯೊಳಗೆ ಬೀಗ ಹಾಕಿ ಇಟ್ಟಿದ್ದಾನೆ ಎಂದು ಅವರೆಲ್ಲ ಮರುಗಿದರಂತೆ. ಯಾರು ಯಾರನ್ನು ನೋಡಿ ಮರುಗಬೇಕು ಎಂಬ ಪ್ರಶ್ನೆಯನ್ನು ಈ ಒಂದು ಪ್ರಸಂಗ ತಲೆಕೆಳಗು ಮಾಡುತ್ತದೆ.

ಅವಳು ಅಲ್ಲಿಂದ ಒಯ್ದದ್ದು ಬರೀ ಕಥೆಯನ್ನಲ್ಲ. ಸಿಡುಬು ಅವಳ ತಮ್ಮನನ್ನು ತೆಗೆದುಕೊಂಡಿತ್ತು, ಅವಳ ಮುಖದ ಮೇಲೂ ಕಲೆ ಬಿಟ್ಟಿತ್ತು. ಅಲ್ಲಿನ ಮುದುಕಿಯರು ಸಿಡುಬಿನ ಕೀವನ್ನು ಸೂಜಿಯಿಂದ ಚುಚ್ಚಿ ಮಕ್ಕಳಿಗೆ ರಕ್ಷಣೆ ಕೊಡುವ ಪದ್ಧತಿಯನ್ನು ಕಂಡು, 1718ರಲ್ಲಿ ತನ್ನ ಮಗನಿಗೂ ಹಾಕಿಸಿದಳು. 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಹಾಕಿಸಿ, ವೈದ್ಯರು ಮೂಗು ಮುರಿದರೂ ಆ ಪದ್ಧತಿಯ ಪರವಾಗಿ ನಿಂತಳು. ಜೆನ್ನರನ ಲಸಿಕೆ ಬಂದದ್ದು ಇನ್ನೂ ಎಪ್ಪತ್ತೈದು ವರ್ಷಗಳ ಮೇಲೆ. ಆ ಲಸಿಕೆ ಮೈಸೂರಿಗೂ ಬಂತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ರಾಜಮನೆತನದ ಮೂವರು ಹೆಂಗಸರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡದ್ದನ್ನು ಸಾರಲು ಎಂದು ಇತಿಹಾಸಕಾರರು ವಾದಿಸಿದ್ದಾರೆ. ಇಂಥದ್ದನ್ನು ಹೇಳುವ ಕೈಪಿಡಿ ಇದ್ದಿದ್ದರೆ ನಮ್ಮ ತಂಡದ ಹೆಂಗಸರು ಇಸ್ತಾಂಬುಲ್ಲಿನ ಬೀದಿಯಲ್ಲಿ ತಮ್ಮ ತಮ್ಮ ತೋಳಿನ ಅಚ್ಚಿನ ಗುರುತನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹಾಗೆಂದು ಲೇಡಿ ಮೇರಿಯ ಕಣ್ಣನ್ನೂ ಪೂರ್ತಿ ನಂಬಬೇಕಿಲ್ಲ. ಅವಳು ಕಂಡದ್ದು ಸಿರಿವಂತರ ಮನೆಗಳನ್ನು. ಆ ಮನೆಗಳಲ್ಲಿ ದುಡಿಯುತ್ತಿದ್ದ ಗುಲಾಮ ಹುಡುಗಿಯರ ಸಂಗತಿ ಬಂದಾಗ, ಅವರನ್ನು ಚೆನ್ನಾಗಿ ನಡೆಸಿಕೊಳ್ಳುತ್ತಾರೆ ಎಂದು ಹಗುರವಾಗಿ ದಾಟಿಬಿಡುತ್ತಾಳೆ. ಬಾಗಿಲು ತೆರೆದದ್ದು ಅವಳು ಹೆಂಗಸೆಂದಷ್ಟೇ ಅಲ್ಲ, ರಾಯಭಾರಿಯ ಹೆಂಡತಿ ಎಂದೂ ಹೌದು. ಇನ್ನು ಅವಳ ಬರಹಕ್ಕೆ ಆದ ಗತಿ ನೋಡಿ. ಅವಳು ಸತ್ತ ಮೇಲೆ 1763ರಲ್ಲಿ ಪತ್ರಗಳು ಅಚ್ಚಾದವು. ಫ್ರಾನ್ಸಿನ ಚಿತ್ರಕಾರ ಆಂಗ್ರ್ ಹಮಾಮಿನ ಆ ಭಾಗವನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಪೂರ್ವ ದೇಶಗಳನ್ನು ಕಣ್ಣಿಂದ ನೋಡಿಯೇ ಇರದ ಆತ ಎಂಬತ್ತು ದಾಟಿದ ಮೇಲೆ 'ಟರ್ಕಿಶ್ ಬಾತ್' ಚಿತ್ರ ಮುಗಿಸಿ 1862 ಎಂದು ಇಸವಿ ಹಾಕಿದ. ಲೂವ್ರ್ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಮಾತಾಡುವ, ನಗುವ, ಮರುಗುವ ಹೆಂಗಸರಿಲ್ಲ. ಬೆತ್ತಲೆ ಮೈಗಳ ರಾಶಿ ಮಾತ್ರ ಇದೆ. ಹೆಂಗಸೊಬ್ಬಳು ಒಳಗಿನಿಂದ ಕಂಡದ್ದನ್ನು ಗಂಡಸೊಬ್ಬ ಬೀಗದ ಕಿಂಡಿಯಿಂದ ಕಂಡಂತೆ ಬರೆದ. ಇವತ್ತಿನ ಹಮಾಮು ಜಾಹೀರಾತುಗಳಿಗೆ ಮಾದರಿ ಆಂಗ್ರ್‌ನ ಚಿತ್ರವೇ ಹೊರತು ಲೇಡಿ ಮೇರಿಯ ಪತ್ರವಲ್ಲ.

ಹಮಾಮು ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಬಚ್ಚಲ ಗೂಡಿನ ಸೋಪಿನ ನೆನಪು. ಮೂಲ ವಸ್ತು ನಮಗೆ ಇನ್ನೂ ಹತ್ತಿರದ್ದು. ನಡುವೆ ಬಿಸಿ ಮಾಡಿದ ದೊಡ್ಡ ಅಮೃತಶಿಲೆಯ ಜಗಲಿ, ಅದಕ್ಕೆ ತುರ್ಕಿಯವರು 'ಹೊಕ್ಕುಳ ಕಲ್ಲು' ಎನ್ನುತ್ತಾರೆ. ಮೈಗೆ ಸುತ್ತಿಕೊಳ್ಳಲು ಚೌಕಳಿ ಪಂಜಿಯಂಥ ತೆಳು ಬಟ್ಟೆ. ಒರಟು ಕೈಚೀಲದಿಂದ ಮೈ ತಿಕ್ಕುವ ಗಟ್ಟಿ ಕೈಯ ಹೆಂಗಸು. ತೊಟ್ಟಿಯಲ್ಲಿ ಮುಳುಗುವುದಿಲ್ಲ, ನಲ್ಲಿಯಡಿಯ ಕಲ್ಲಿನ ಬಟ್ಟಲಿನಿಂದ ಮೊಗೆಮೊಗೆದು ಹೊಯ್ದುಕೊಳ್ಳುವುದು. ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಎಣ್ಣೆಸ್ನಾನ ಮಾಡಿ ಬೆಳೆದವರಿಗೆ ಇದರಲ್ಲಿ ಹೊಸತೇನು? ಮದುವೆಗೆ ಮುಂಚೆ ಮದುಮಗಳನ್ನು ಅಲ್ಲಿಗೆ ಕರೆದೊಯ್ಯುವುದು, ಹೆತ್ತ ನಲವತ್ತು ದಿನಕ್ಕೆ ಬಾಣಂತಿಗೂ ಕೂಸಿಗೂ ನೀರು ಹಾಕುವುದು, ಮಗನಿಗೆ ಹೆಣ್ಣು ಹುಡುಕುವ ತಾಯಂದಿರು ಅಲ್ಲಿಯೇ ಹುಡುಗಿಯರನ್ನು ಕಣ್ಣಳತೆ ಮಾಡುವುದು, ಎಲ್ಲವೂ ಅವರ ಪದ್ಧತಿ. ಹಾಗಿಯಾ ಸೋಫಿಯಾದ ಎದುರಿನಲ್ಲೇ 1556ರಲ್ಲಿ ಹುರ್ರೆಮ್ ರಾಣಿಗಾಗಿ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಹಮಾಮಿದೆ. ಗುಲಾಮಳಾಗಿ ಬಂದು ಸುಲ್ತಾನ ಸುಲೇಮಾನನ ಧರ್ಮಪತ್ನಿಯಾದವಳು ಈ ಹುರ್ರೆಮ್. ಅದರಲ್ಲಿ ಗಂಡಸರ ಭಾಗ, ಹೆಂಗಸರ ಭಾಗ ಎರಡೂ ಒಂದೇ ಗೆರೆಯಲ್ಲಿ, ಕನ್ನಡಿಯ ಬಿಂಬದಂತೆ ಸರಿಸಮ. ದಶಕಗಟ್ಟಲೆ ಮುಚ್ಚಿ, ರತ್ನಗಂಬಳಿಯ ಮಳಿಗೆಯಾಗಿ, 2011ರಲ್ಲಿ ಅದು ಮತ್ತೆ ಹಮಾಮಾಯಿತು. ಹೋಗುವ ಮುಂಚೆ ದರ ಕೇಳಿಕೊಳ್ಳಿ, ಇಂಥ ಹೆಸರಾಂತ ಕಡೆ ದುಬಾರಿ. ಹೆಂಗಸರ ಭಾಗದಲ್ಲಿ ಕೆಲಸದವರೂ ಹೆಂಗಸರೇ ತಾನೇ ಎಂದು ಮೊದಲೇ ವಿಚಾರಿಸಿ. ಒಳಗೆ ಹೊಸ ಒಳ ಉಡುಪೊಂದನ್ನು ಒಯ್ಯಿರಿ. ಈ ಮೂರು ಸಲಹೆಯನ್ನೂ ಮೇಲಿನ ಚರಿತ್ರೆಯನ್ನೂ ಒಂದೇ ಉಸಿರಿನಲ್ಲಿ ಹೇಳಲು ಆಗುವುದಿಲ್ಲವೇ? ಆಗುತ್ತದೆ, ಈಗ ಹೇಳಿದೆನಲ್ಲ.

ಊಟದ ಮಾತಿಗೂ ಇದೇ ನ್ಯಾಯ. 'ಸಸ್ಯಾಹಾರಿಗಳಿಗೆ ಕಷ್ಟ' ಎಂದು ಕೈಪಿಡಿ ಒಂದೇ ಗೆರೆಯಲ್ಲಿ ಕೈತೊಳೆದುಕೊಳ್ಳುತ್ತದೆ. ನಮ್ಮ ತಂಡದ ಅರ್ಧ ಜನ ಅದನ್ನು ನಂಬಿ ಹತ್ತು ದಿನವೂ ಚಕ್ಕುಲಿ, ಅವಲಕ್ಕಿಯಲ್ಲಿ ಕಳೆದರು. ಆದರೆ ತುರ್ಕಿಯಲ್ಲಿ ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ತರಕಾರಿ ಪದಾರ್ಥಗಳ ಒಂದು ದೊಡ್ಡ ವರ್ಗವೇ ಇದೆ. ದ್ರಾಕ್ಷಿ ಎಲೆಯಲ್ಲಿ ಅನ್ನದ ಹೂರಣ ಸುತ್ತಿದ, ಮಾಂಸವಿಲ್ಲದ ದೋಲ್ಮಾಕ್ಕೆ ಅವರ ಹೆಸರು 'ಸುಳ್ಳು ದೋಲ್ಮಾ'. ಮಾಂಸ ಇದ್ದಂತೆ ತೋರಿಸಿ ಇಲ್ಲದ್ದು! 'ಎತ್ಸಿಜ್' ಎಂದರೆ ಮಾಂಸವಿಲ್ಲದ್ದು, ಈ ಒಂದು ಪದ ಕಲಿತರೆ ಅರ್ಧ ಗೆದ್ದಂತೆ. ಕೆಂಪು ಬೇಳೆಯ ಸಾರು ಎಲ್ಲೆಲ್ಲೂ ಸಿಗುತ್ತದೆ, ಆದರೆ ಮಾಂಸದ ರಸದಲ್ಲಿ ಕುದಿಸಿದ್ದೋ ಎಂದು ಕೇಳಿಕೊಳ್ಳಬೇಕು. ಅಯ್‌ರಾನ್ ಎಂದರೆ ಉಪ್ಪು ಹಾಕಿದ ಮಜ್ಜಿಗೆ, ಒಗ್ಗರಣೆಯೊಂದು ಕಡಿಮೆ. ಶೌಚಾಲಯಕ್ಕೆ ಮಸೀದಿಗಳ ಪಕ್ಕದಲ್ಲಿ ನೋಡಿ, ಚಿಲ್ಲರೆ ಕೈಯಲ್ಲಿರಲಿ. 'ಬಾಯಾನ್' ಎಂದು ಬರೆದದ್ದು ಹೆಂಗಸರದ್ದು. ನೀರಿನ ನಲ್ಲಿ ಇರುತ್ತದೆ, ಯೂರೋಪಿನ ಕಾಗದದ ಕಷ್ಟವಿಲ್ಲ.

ಭಾಷೆ ಬರುವುದಿಲ್ಲವೆಂದು ಹೆದರುವವರಿಗೆ ಇನ್ನೊಂದು ಮಾತು. ಅವರ ಸಾಬೂನು ನಮ್ಮ ಸಾಬೂನೇ, ಅವರ ಹವಾ ನಮ್ಮ ಹವಾ, ಅವರ ದುಕಾನು ನಮ್ಮ ದುಕಾನು, ಅವರ ಮೈದಾನ ನಮ್ಮ ಮೈದಾನ. ಅರಬ್ಬಿ, ಪಾರಸಿಯಿಂದ ಅವರಿಗೂ ನಮಗೂ ಒಂದೇ ಬುಟ್ಟಿಯಿಂದ ಬಂದ ಪದಗಳು ಇವು. ಕೂಸಿನ ಬಟ್ಟೆಗೆ ಸಿಕ್ಕಿಸುವ ನೀಲಿ ಗಾಜಿನ ಕಣ್ಣು 'ನಜರು' ತಾಗದಿರಲೆಂದು. ನಾವು ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ತಂಗಿ ಅದು. ನನಗೆ ಬಹಳ ಹಿಡಿಸಿದ್ದು 'ತಾರೀಖು' ಎಂಬ ಪದ. ಅವರಲ್ಲಿ ಅದಕ್ಕೆ ದಿನಾಂಕ ಎಂಬ ಅರ್ಥವೂ ಇದೆ, ಚರಿತ್ರೆ ಎಂಬ ಅರ್ಥವೂ ಇದೆ. ಕೈಪಿಡಿಗಳು ಮಾತ್ರ ಚರಿತ್ರೆ ಎಂದರೆ ತಾರೀಖು ಮಾತ್ರ ಎಂದುಕೊಂಡಿವೆ.

ಇನ್ನು ನಮ್ಮ ಕನ್ನಡದ ಪ್ರವಾಸ ಸಾಹಿತ್ಯ. ಅದು ಬಡವಾದುದಲ್ಲ. ಕಾರಂತರ 'ಅಪೂರ್ವ ಪಶ್ಚಿಮ'ದಲ್ಲಿ ಕಲೆಯ ಮುಂದೆ ನಿಂತು ಯೋಚಿಸುವ ಮನಸ್ಸಿದೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಹಳ್ಳಿಯ ಜಗಲಿಯ ಮೇಲೆ ಕೂತು ಮಾತಾಡುವ ನಗೆಯಲ್ಲೇ ಅಮೆರಿಕವನ್ನು ತೋರಿಸುತ್ತದೆ. ನೇಮಿಚಂದ್ರ ಗೆಳತಿಯೊಡನೆ ಪರದೇಶ ಸುತ್ತಿ 'ಒಂದು ಕನಸಿನ ಪಯಣ', 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದಾಗ, ಮನೆಯ ಗಂಡಸರ ನೆರಳಿಲ್ಲದೆಯೂ ಹೋಗಬಹುದೆಂಬ ಧೈರ್ಯ ಬಹಳ ಮಂದಿಗೆ ಬಂತು. ಆದರೆ ಇವೆಲ್ಲ ಹೋಗಿಬಂದವರ ಪುಸ್ತಕಗಳು. ಹೋಗುವವರ ಕೈಗೆ ಕೊಡುವ ಪುಸ್ತಕ ನಮ್ಮಲ್ಲಿ ಬೆಳೆಯಲಿಲ್ಲ. ಇರುವ ಕೆಲವು ಇಂಗ್ಲಿಷಿನ ಪಟ್ಟಿಯನ್ನೇ ಕನ್ನಡಕ್ಕೆ ಇಳಿಸಿದಂಥವು, ಬೇಡೆಕರ್‌ನ ನಕ್ಷತ್ರಗಳೇ ಸವೆದು ಸವೆದು ನಮ್ಮ ಊರಿನ ಟ್ರಾವೆಲ್ಸಿನ ಕರಪತ್ರಕ್ಕೆ ಬಂದು ಬಿದ್ದಂಥವು.

ಅಂಥದ್ದೊಂದು ಪುಸ್ತಕವನ್ನು ನಮ್ಮ ಹೆಂಗಸರೇ ಬರೆಯಬೇಕು. ಯಾವ ಊರಿನದಾದರೂ ಸರಿ. ಅದರಲ್ಲಿ ಮಂಡಿನೋವಿನವರು ಹತ್ತಬಹುದಾದ ದಾರಿ ಇರಲಿ, ಆ ದಾರಿಯಲ್ಲಿ ಹಿಂದೆ ಯಾರು ಹತ್ತಿದರು ಎಂಬುದೂ ಇರಲಿ. ಮಸೀದಿಗೆ ಒಯ್ಯಬೇಕಾದ ಶಾಲಿನ ಮಾತು ಇರಲಿ, ಸುಲೇಮಾನನ ಮಗಳು ಮಿಹ್ರಿಮಾ ಉಸ್ಕುದಾರ್ ದೋಣಿಕಟ್ಟೆಯ ಎದುರಿಗೇ ತನ್ನ ಹೆಸರಿನ ಮಸೀದಿ ಕಟ್ಟಿಸಿದಳೆಂಬುದೂ ಇರಲಿ. ದೋಣಿಯ ಟಿಕೆಟ್ಟಿನ ದುಡ್ಡಿನಲ್ಲಿ ಅಲ್ಲಿಗೆ ಹೋಗಬಹುದು, ಟ್ರಾವೆಲ್ಸಿನ ಪಟ್ಟಿಯಲ್ಲಿ ಅದು ಇರುವುದಿಲ್ಲ. 1919ರಲ್ಲಿ ಹಾಲಿದೆ ಎದಿಬ್ ಎಂಬ ಲೇಖಕಿ ಸುಲ್ತಾನಹ್ಮೆತ್ ಚೌಕದಲ್ಲಿ ಸಾವಿರಾರು ಜನರೆದುರು ನಿಂತು ಪರಕೀಯರ ಆಕ್ರಮಣದ ವಿರುದ್ಧ ಮಾತಾಡಿದಳು. 1935ರಲ್ಲಿ ನಮ್ಮ ದೇಶಕ್ಕೆ ಬಂದು ದೆಹಲಿಯ ಜಾಮಿಯಾದಲ್ಲಿ ಉಪನ್ಯಾಸ ಕೊಟ್ಟು, ಹೋದ ಮೇಲೆ 'ಇನ್‌ಸೈಡ್ ಇಂಡಿಯಾ' ಎಂಬ ಪುಸ್ತಕ ಬರೆದಳು. ಆ ಚೌಕದಲ್ಲಿ ಎಲ್ಲ ತಂಡಗಳೂ ಫೋಟೋ ತೆಗೆಸಿಕೊಳ್ಳುತ್ತವೆ. ಅವಳ ಹೆಸರು ಯಾರ ಬಾಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ಮರಿಯಾನಾ ಸ್ಟಾರ್ಕ್ ಇನ್ನೂರು ವರ್ಷಗಳ ಹಿಂದೆ, ರೋಗಿಯ ತಲೆದಿಂಬು ಸರಿಪಡಿಸುತ್ತ ಈ ಕೆಲಸ ಶುರುಮಾಡಿದವಳು. ಅವಳಲ್ಲಿ ಅಂಚೆ ದರವೂ ರಫೇಲನ ಚಿತ್ರವೂ ಒಂದೇ ಪುಸ್ತಕದಲ್ಲಿ ಕೂಡಿ ಬಾಳಿದವು. ಅವುಗಳನ್ನು ಬೇರೆ ಮಾಡಿ, ಒಂದಕ್ಕೆ ನಕ್ಷತ್ರ, ಇನ್ನೊಂದಕ್ಕೆ ಬ��ದು ಚೌಕ ಹಾಕಿದವರು ಆಮೇಲೆ ಬಂದವರು. ಮುಂದಿನ ಸಲ ಯಾರಾದರೂ ನಿಮ್ಮ ಮುಂದೆ ಕರಪತ್ರ ಹರಡಿ, ಹತ್ತು ದಿನ, ಏಳು ನಗರ, ಎಲ್ಲ ಮುಖ್ಯ ಸ್ಥಳಗಳು ಎಂದಾಗ ಒಂದೇ ಪ್ರಶ್ನೆ ಕೇಳಿ. ಮುಖ್ಯ ಯಾರಿಗೆ? ಉತ್ತರ ಬರುವ ತನಕ ಮುಂಗಡ ಕೊಡಬೇಡಿ.